ಸಣ್ಣ ಟ್ರ್ಯಾಕ್ಟರಿಗೆ ಸಲಕರಣೆ ಜೋಡಿಸುವುದು: ಒಬ್ಬರೇ, ಹಾರೆ ಹಿಡಿಯದೆ

ಮಿರಗದ ಮಳೆ ಬಿದ್ದು ಎರೆ ಮಣ್ಣು ಕಾಲಿಗೆ ಮೆತ್ತುವುದು ನಿಂತ ದಿನ, ಬೆಳಿಗ್ಗೆ ಕುಂಟೆ ಹೊಡೆದು ಊಟದ ಹೊತ್ತಿಗೆ ಕೂರಿಗೆ ಹೂಡಬೇಕು. ನವಲಗುಂದ, ನರಗುಂದ, ರೋಣದ ಹೊಲಗಳಲ್ಲಿ ಆ ಹದ ಸಿಗುವುದು ಕೆಲವೇ ದಿನ. ಬಿಸಿಲು ಜೋರಾದರೆ ಇನ್ನೂ ಕಡಿಮೆ. ಅಂಥ ದಿನ ಕುಂಟೆ ಬಿಚ್ಚಿ ಕೂರಿಗೆ ಜೋಡಿಸುವುದಕ್ಕೇ ಒಂದು ತಾಸು ಹೋಗುತ್ತದೆ. ಇಬ್ಬರು ಹಾರೆ ಹಾಕಿ ಮೀಟುತ್ತಾರೆ, ಮೂರನೆಯವರು ಪಿನ್ ಹಿಡಿದು ಕೂತು ಬೆರಳು ಜಜ್ಜಿಸಿಕೊಳ್ಳುತ್ತಾರೆ. ಇದು ನಮ್ಮ ಕಡೆ ಮಾಮೂಲಾಗಿದೆ, ಆದರೆ ಹೀಗೇ ಆಗಬೇಕೆಂದೇನೂ ಇಲ್ಲ. 15ರಿಂದ 28 ಎಚ್‌ಪಿಯ ಟ್ರ್ಯಾಕ್ಟರಿಗೆ ಕಲ್ಟಿವೇಟರ್, ಕುಂಟೆ, ಕೂರಿಗೆ, ಎಡೆಕುಂಟೆ ಯಾವುದನ್ನಾದರೂ ಒಬ್ಬರೇ ಹತ್ತು ನಿಮಿಷದಲ್ಲಿ ಜೋಡಿಸಬಹುದು. ರೋಟವೇಟರಿಗೆ ಇನ್ನೊಂದೈದು ನಿಮಿಷ ಹೆಚ್ಚು ಹಿಡಿದೀತು.

ಟ್ರ್ಯಾಕ್ಟರಿನ ಹಿಂದೆ ಕೆಳಗೆ ಎರಡು, ಮೇಲೆ ಒಂದು (ಟಾಪ್ ಲಿಂಕ್) ತೋಳು ಇರುತ್ತವೆ, ಇವೇ ಲಿಂಕುಗಳು. ಅವುಗಳ ತುದಿಯ ತೂತಿರುವ ಗುಂಡುಗಳಿಗೆ ಸಲಕರಣೆಯ ಮೂರು ಪಿನ್ ಕೂಡಬೇಕು, ಈ ಜೋಡಣೆಯೇ ಹಿಚ್. ಪಿನ್ ಕೂಡದೇ ಇರುವುದಕ್ಕೆ ಇರುವ ಕಾರಣ ಮೂರೇ: ಎತ್ತರ ಹೊಂದಿರುವುದಿಲ್ಲ, ಟ್ರ್ಯಾಕ್ಟರ್ ಓರೆಯಾಗಿ ನಿಂತಿರುತ್ತದೆ, ಇಲ್ಲವೇ ಎರಡು ಬೆರಳು ಹಿಂದೆ-ಮುಂದೆ ಆಗಿರುತ್ತದೆ. ದೊಡ್ಡ ಟ್ರ್ಯಾಕ್ಟರಿನ ಉದ್ದ ಲಿಂಕುಗಳನ್ನು ಅತ್ತಿತ್ತ ಎಳೆದು ಹೇಗೋ ಸುಧಾರಿಸಬಹುದು. ಸಣ್ಣದರಲ್ಲಿ ಲಿಂಕು ಗಿಡ್ಡ, ಸರಿಯುವ ಅವಕಾಶವೂ ಕಡಿಮೆ. ಟ್ರ್ಯಾಕ್ಟರ್ 3 ಡಿಗ್ರಿ ಓರೆ ನಿಂತರೂ ಸಾಕು, 683 ಮಿ.ಮೀ ಅಗಲದ ಹಿಚ್‌ನಲ್ಲಿ ಒಂದು ಪಿನ್ ಇನ್ನೊಂದಕ್ಕಿಂತ 36 ಮಿ.ಮೀ ಹಿಂದೆ ಉಳಿಯುತ್ತದೆ. ಆ ಒಂದೂವರೆ ಇಂಚಿಗಾಗಿಯೇ ಹಾರೆ ಬರುವುದು. ಈ ಮೂರೂ ತಪ್ಪುಗಳ ಬೇರು ಇರುವುದು ಕಳೆದ ಸಲ ಆ ಸಲಕರಣೆಯನ್ನು ಬಿಚ್ಚಿ ಇಟ್ಟ ರೀತಿಯಲ್ಲಿ. ಅದಕ್ಕಾಗಿ ಇಲ್ಲಿ ಬಿಚ್ಚುವ ಕ್ರಮಕ್ಕೂ ಇಡುವ ಜಾಗಕ್ಕೂ ಜೋಡಿಸುವ ಕ್ರಮಕ್ಕಿಂತ ಹೆಚ್ಚು ಜಾಗ ಕೊಟ್ಟಿದೆ.

ಮೊದಲು ಟೇಪು ಹಿಡಿದು ಎಲ್ಲವನ್ನೂ ಅಳೆಯಿರಿ

ಸುಗ್ಗಿ ಮುಗಿದು ಕೈ ಖಾಲಿ ಇರುವ ಬೇಸಿಗೆಯ ಒಂದು ದಿನ ಇದಕ್ಕೆ ಇಡಿ. ಮನೆಯಲ್ಲಿರುವ ಪ್ರತಿ ಸಲಕರಣೆಯ ಐದು ಅಳತೆ ಒಂದು ವಹಿಯಲ್ಲಿ ಬರೆಯಿರಿ: ಕೆಳಗಿನ ಪಿನ್ನಿನ ದಪ್ಪ, ಎರಡು ಕೆಳ ಪಿನ್‌ಗಳ ನಡುವಿನ ಅಂತರ, ಮೇಲಿನ ಪಿನ್ನಿನ ದಪ್ಪ, ಕೆಳ ಪಿನ್ನಿಂದ ಮೇಲಿನ ಪಿನ್ನಿನವರೆಗಿನ ಎತ್ತರ, ಮತ್ತು ಸಲಕರಣೆ ನೆಲದ ಮೇಲೆ ಕೂತಾಗ ಕೆಳ ಪಿನ್ ನೆಲದಿಂದ ಎಷ್ಟು ಮೇಲಿದೆ ಎಂಬುದು. ಟ್ರ್ಯಾಕ್ಟರಿನ ಲಿಂಕಿನ ಗುಂಡುಗಳ ತೂತು ಮತ್ತು ಅಗಲವನ್ನೂ ಅದೇ ಪುಟದಲ್ಲಿ ಬರೆಯಿರಿ.

ಸಣ್ಣ ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿ ಇರುವುದು ಕೆಟಗರಿ 1 ಎಂಬ ಹಿಚ್ ಅಳತೆ. ಇದರಲ್ಲಿ ಕೆಳ ಪಿನ್ 22 ಮಿ.ಮೀ, ಮೇಲಿನದು 19 ಮಿ.ಮೀ, ಕೆಳ ಪಿನ್‌ಗಳ ಅಂತರ 683 ಮಿ.ಮೀ, ಗುಂಡಿನ ಅಗಲ 35 ಮಿ.ಮೀ, ಕೆಳ ಪಿನ್ನಿಂದ ಮೇಲಿನ ಪಿನ್ನಿಗೆ 460 ಮಿ.ಮೀ. ಸಾಲಿನ ನಡುವೆ ಓಡುವ ತೀರ ಕಿರಿದಾದ ಟ್ರ್ಯಾಕ್ಟರುಗಳಲ್ಲಿ 1ಎನ್ ಎಂಬ ಒಳಜಾತಿ ಇದೆ. ಅದರ ಪಿನ್ನುಗಳು ಕೆಟಗರಿ 1ರವೇ, ಅಂತರ ಮಾತ್ರ 400 ಮಿ.ಮೀ. ದೊಡ್ಡ ಟ್ರ್ಯಾಕ್ಟರುಗಳ ಕೆಟಗರಿ 2ರಲ್ಲಿ ಕೆಳ ಪಿನ್ 28 ಮಿ.ಮೀ, ಮೇಲಿನದು 25 ಮಿ.ಮೀ, ಅಂತರ 825 ಮಿ.ಮೀ, ಗುಂಡಿನ ಅಗಲ 45 ಮಿ.ಮೀ.

ಬಾಡಿಗೆಗೆ ತಂದ ಸಲಕರಣೆಯಲ್ಲಿ ಗೊಂದಲ ಶುರುವಾಗುವುದು ಇಲ್ಲೇ. ಕೃಷಿ ಯಂತ್ರಧಾರೆಯಿಂದ ಅಥವಾ ಪಕ್ಕದ ಹೊಲದವರಿಂದ ಸಲಕರಣೆ ತರುವ ಮೊದಲು ಅದು ಕೆಟಗರಿ 1ರದೋ 2ರದೋ ಕೇಳಿಕೊಳ್ಳಿ. 22ರ ಪಿನ್ ಇರುವ ಸಲಕರಣೆಯನ್ನು ದೊಡ್ಡ ಟ್ರ್ಯಾಕ್ಟರಿಗೆ ಹಾಕುವಾಗ ಒಳಗೆ 22, ಹೊರಗೆ 28 ಮಿ.ಮೀ ಇರುವ ಬುಷ್ ಏರಿಸಿದರೆ ಸಾಕು. ತಿರುಗಾಮುರುಗಾ ಮಾತ್ರ ಬುಷ್‌ನಿಂದ ಆಗುವ ಕೆಲಸವಲ್ಲ. 28ರ ಪಿನ್ ನಿಮ್ಮ ಗುಂಡಿನೊಳಗೆ ಹೋಗುವುದೇ ಇಲ್ಲ, ಪಿನ್ನನ್ನೇ ಬಿಚ್ಚಿ 22ರದನ್ನು ಹಾಕಬೇಕು. ಹೆಚ್ಚಿನ ಸಲಕರಣೆಗಳಲ್ಲಿ ಕೆಳ ಪಿನ್ ಹಿಂದೆ ನಟ್ಟಿನಿಂದ ಬಿಗಿದಿರುತ್ತದೆ, ಬಿಚ್ಚುವುದು ಕಷ್ಟವಲ್ಲ. ಒಂದೇ ಪಿನ್ನಿನಲ್ಲಿ 22 ಮತ್ತು 28ರ ಎರಡು ಮೆಟ್ಟಿಲು ಇರುವವೂ ಸಿಗುತ್ತವೆ. ಆದರೆ ದೊಡ್ಡ ಟ್ರ್ಯಾಕ್ಟರಿನ ಸಲಕರಣೆ ಹೇಗೋ ಕೂತಿತು ಎಂದು ಎತ್ತಲು ಹೋಗಬೇಡಿ. ಸಣ್ಣ ಟ್ರ್ಯಾಕ್ಟರುಗಳ ಎತ್ತುವ ಶಕ್ತಿ ಬಹುಮಟ್ಟಿಗೆ 750 ಕೆಜಿಯ ಆಸುಪಾಸು, ಅದೂ ಲಿಂಕಿನ ತುದಿಯಲ್ಲಿ ಅಳೆದದ್ದು. ಭಾರ ಹಿಂದಕ್ಕೆ ಹೋದಷ್ಟೂ ಆ ಶಕ್ತಿ ಇಳಿಯುತ್ತದೆ.

ಊರ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಕುಂಟೆ, ಎಡೆಕುಂಟೆಗಳ ಮೇಲಿನ ಪಿನ್ನಿನ ಎತ್ತರ ಒಂದರಂತೆ ಇನ್ನೊಂದು ಇರುವುದು ಅಪರೂಪ. ಎರಡು ಇಂಚು ವ್ಯತ್ಯಾಸ ಇದ್ದರೂ ಪ್ರತಿ ಸಲ ಟಾಪ್ ಲಿಂಕ್ ತಿರುಗಿಸುತ್ತ ಕೂರಬೇಕಾಗುತ್ತದೆ. ಮೇಲಿನ ಪಿನ್ ಕೂರುವ ಕಂಬದ ಎರಡೂ ಬದಿಗೆ 10 ಮಿ.ಮೀ ದಪ್ಪದ ಪಟ್ಟಿ ಹಾಕಿಸಿ, ಎಲ್ಲ ಸಲಕರಣೆಗಳಿಗೂ 460 ಮಿ.ಮೀ ಎತ್ತರಕ್ಕೆ ಹೊಸ ತೂತು ತೆಗೆಸಿ. ಗ್ಯಾಸ್ ಕಟರ್‌ನಿಂದ ಸುಟ್ಟು ತೆಗೆದ ತೂತು ಬೇಡ, ಡ್ರಿಲ್ ಹಾಕಿಸಿ. ಸುಟ್ಟ ತೂತು ಗುಂಡಗಿರುವುದಿಲ್ಲ, ಪಿನ್ನು ಅದರ ಎರಡೇ ಅಂಚಿಗೆ ತಾಗಿ ಬೇಗ ಸವೆಯುತ್ತದೆ. ರೋಟವೇಟರಿಗೆ ಬೆಸುಗೆ ಹಾಕಿಸುವುದಿದ್ದರೆ ಅರ್ಥಿಂಗ್ ಕ್ಲಿಪ್ಪನ್ನು ಬೆಸುಗೆಯ ಪಕ್ಕದಲ್ಲೇ ಕಚ್ಚಿಸಬೇಕು. ದೂರ ಕಚ್ಚಿಸಿದರೆ ಕರೆಂಟು ಬೇರಿಂಗಿನ ಮೂಲಕ ಹರಿದು ಅದರ ಗುಂಡುಗಳಲ್ಲಿ ಕಚ್ಚು ಬೀಳುತ್ತದೆ. ಟ್ರ್ಯಾಕ್ಟರಿಗೆ ಜೋಡಿಸಿರುವಾಗಲೇ ಬೆಸುಗೆ ಮಾಡಬೇಕಾಗಿ ಬಂದರೆ ಬ್ಯಾಟರಿಯ ತಂತಿ ಬಿಚ್ಚಿಡಿ.

ಕೂರಿಗೆ ಹೊಸದಾಗಿ ಕೊಳ್ಳುವವರು, ಅದರಲ್ಲೂ ಅಣ್ಣಿಗೇರಿ ಕಡೆಯಿಂದ ತರುವವರು, ಬಿತ್ತನೆ ಹಲ್ಲುಗಳನ್ನು ನೋಡುವಷ್ಟೇ ಶ್ರದ್ಧೆಯಿಂದ ಹಿಚ್‌ನ ಅಳತೆಯನ್ನೂ ನೋಡಿ. ಬಿತ್ತನೆ ಕೂರಿಗೆಗಳಿಗೆ ಅಣ್ಣಿಗೇರಿಗೆ ಹೆಸರು ತಂದ ಅಬ್ದುಲ್ ಖಾದರ್ ನಡಕಟ್ಟಿನ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಿತು. ರೈತನ ಕೈಗೆ ಹೊಂದುವ ಸಲಕರಣೆ ಹತ್ತಿರದಲ್ಲೇ ತಯಾರಾಗುವುದರ ದೊಡ್ಡ ಅನುಕೂಲವೆಂದರೆ ನಿಮ್ಮ ಟ್ರ್ಯಾಕ್ಟರಿನ ಅಳತೆ ಕೊಟ್ಟು ಹಿಚ್ ಮಾಡಿಸಿಕೊಳ್ಳಬಹುದು. ಆರ್ಡರ್ ಕೊಡುವಾಗ ಆ ವಹಿಯ ಪುಟ ಕಿಸೆಯಲ್ಲಿರಲಿ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಹೋದಾಗಲೂ ಟೇಪು ಒಯ್ಯಿರಿ.

ಇಡುವ ಜಾಗ

ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಅದರ ಮೇಲೆ ಇಟ್ಟ ರೋಟವೇಟರ್ ಮಳೆಗಾಲದಲ್ಲಿ ಒಂದು ಮಗ್ಗುಲು ನಾಲ್ಕು ಬೆರಳು ಹೂತಿರುತ್ತದೆ. ಇಟ್ಟಾಗ ಸರಿಯಿದ್ದ ಎತ್ತರ ತೆಗೆಯುವಾಗ ಇರುವುದಿಲ್ಲ. ಹಾಗಾಗಿ ಗಟ್ಟಿ ನೆಲಕ್ಕೆ ಖರ್ಚು ಮಾಡಿದ ದುಡ್ಡು ಬೇರೆ ಯಾವ ಸಾಧನಕ್ಕೆ ಹಾಕಿದ್ದಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಒಂದು ಸಲಕರಣೆಗೆ 10 ಅಡಿ ಉದ್ದ, 6 ಅಡಿ ಅಗಲದ ಕಟ್ಟೆ ಸಾಕು. ಒಂದೂವರೆ ಅಡಿ ಕರಿ ಮಣ್ಣು ತೆಗೆದು ಹೊರಗೆ ಹಾಕಿ. 14 ಇಂಚು ಗರಸು ತುಂಬಿ, ಐದೈದು ಇಂಚಿಗೊಮ್ಮೆ ನೀರು ಹಾಕಿ ದಮ್ಮಸು ಮಾಡಿ. ಇದಕ್ಕೆ ಸುಮಾರು ಒಂದು ಬ್ರಾಸ್ ಗರಸು ಬೇಕು. ಮೇಲೆ 4 ಇಂಚು ಕಾಂಕ್ರೀಟು: ಒಂದು ಪಾಲು ಸಿಮೆಂಟ್, ಎರಡು ಪಾಲು ಉಸುಕು, ನಾಲ್ಕು ಪಾಲು ಕಡಿ. 20 ಘನ ಅಡಿಗೆ ನಾಲ್ಕು ಚೀಲ ಸಿಮೆಂಟು ಹಿಡಿಯುತ್ತದೆ. ಹತ್ತು ದಿನ ನೀರುಣಿಸದೆ ಭಾರ ಇಡಬೇಡಿ. ಕಾಂಕ್ರೀಟು ಬೇಡವೆನ್ನುವವರು ಗರಸು ದಮ್ಮಸು ಮಾಡಿ ಅದರ ಮೇಲೆ ಫರಸಿ ಹಾಸಬಹುದು. ಅದೂ ಆಗದಿದ್ದರೆ ಬರೀ ಗರಸಾದರೂ ಇರಲಿ, ಕರಿ ಮಣ್ಣು ಮಾತ್ರ ಬೇಡ.

ಟ್ರ್ಯಾಕ್ಟರ್ ನಿಲ್ಲುವ ನೆಲ ಮತ್ತು ಸಲಕರಣೆ ಕೂರುವ ನೆಲ ಒಂದೇ ಮಟ್ಟದಲ್ಲಿರಬೇಕು. ಕಟ್ಟೆ ಎತ್ತರವಾಗಿ, ಟ್ರ್ಯಾಕ್ಟರಿನ ಗಾಲಿ ಕೆಳಗೆ ನಿಂತರೆ ಮಾಡಿದ್ದೆಲ್ಲ ವ್ಯರ್ಥ. ಕಟ್ಟೆಯ ಮುಂದೆ ಇನ್ನು 15 ಅಡಿ ಗರಸಿನ ದಾರಿ ಇದ್ದರೆ ಹಿಂದಕ್ಕೆ ಬರುವಾಗ ಟ್ರ್ಯಾಕ್ಟರ್ ತಾನೇ ನೇರವಾಗುತ್ತದೆ.

ಈಗ ಗೆರೆ. ಸಲಕರಣೆ ಸರಿಯಾಗಿ ಜೋಡಿಸಿರುವಾಗಲೇ ಟ್ರ್ಯಾಕ್ಟರನ್ನು ಕಟ್ಟೆಯ ಮೇಲೆ ತಂದು, ನೇರ ಮಾಡಿ, ಇಳಿಸಿ. ಹಿಂದಿನ ಎರಡೂ ಗಾಲಿಗಳ ಹೊರ ಅಂಚಿಗೆ ನೆಲದ ಮೇಲೆ ಬಿಳಿ ಬಣ್ಣದ ಗೆರೆ ಎಳೆಯಿರಿ, 12 ಅಡಿ ಉದ್ದಕ್ಕೆ. ಗಾಲಿಯ ಹಿಂಬದಿಗೆ ತಾಗುವ ಹಾಗೆ ಅಡ್ಡಲಾಗಿ 4 ಇಂಚು ಎತ್ತರದ ಜಾಲಿ ತೊಲೆಯೊಂದನ್ನು ಬೋಲ್ಟ್ ಹಾಕಿ ಕೂರಿಸಿ. ಮುಂದಿನ ಸಲ ಗೆರೆಯ ಮೇಲೆ ಹಿಂದಕ್ಕೆ ಬಂದು, ಗಾಲಿ ತೊಲೆಗೆ ತಾಗಿದ ಕೂಡಲೇ ನಿಂತರೆ ಲಿಂಕು ಮತ್ತು ಪಿನ್ ಎದುರುಬದುರಾಗಿರುತ್ತವೆ. ಓರೆ, ಅಂತರ ಎರಡೂ ಸಮಸ್ಯೆ ಇಷ್ಟಕ್ಕೇ ಮುಗಿದವು.

ಎತ್ತರ ಉಳಿಯಿತು. ವಹಿಯಲ್ಲಿ ಬರೆದ ಐದನೇ ಅಳತೆ ನೋಡಿ. ಯಾವ ಸಲಕರಣೆಯ ಕೆಳ ಪಿನ್ ನೆಲದಿಂದ ಅತಿ ಮೇಲಿದೆಯೋ ಅದಕ್ಕೆ ಉಳಿದವನ್ನು ಹೊಂದಿಸಿ. ಗಿಡ್ಡ ಇರುವವುಗಳ ಕೆಳಗೆ ಇಡಲು ಅಳತೆಗೆ ಕೊಯ್ಯಿಸಿದ ಜಾಲಿ ಕಟ್ಟಿಗೆಯ ತುಂಡುಗಳಿರಲಿ, ಪ್ರತಿ ಸಲಕರಣೆಗೆ ಅದರದೇ ತುಂಡು, ಮೇಲೆ ಬಣ್ಣದಲ್ಲಿ ಅದರ ಹೆಸರು. ಇಟ್ಟಿಗೆ ಬೇಡ, ಕಂಪನಕ್ಕೂ ಅಡ್ಡ ಭಾರಕ್ಕೂ ಒಡೆಯುತ್ತದೆ, ಒಡೆದಾಗ ಕೈ ಕೆಳಗಿರುತ್ತದೆ. ಎಲ್ಲದರ ಪಿನ್ನೂ ಒಂದೇ ಎತ್ತರಕ್ಕೆ ಬಂದ ಮೇಲೆ ಹೈಡ್ರಾಲಿಕ್ ಸನ್ನೆಯನ್ನು ಆ ಎತ್ತರಕ್ಕೆ ತಂದು, ಸನ್ನೆಯ ಪಕ್ಕದ ಪಟ್ಟಿಯ ಮೇಲೆ ಕೆಂಪು ಬಣ್ಣದ ಗುರುತು ಹಾಕಿ. ಇನ್ನು ಮುಂದೆ ಜೋಡಿಸಲು ಹಿಂದಕ್ಕೆ ಬರುವಾಗ ಸನ್ನೆ ಆ ಗುರುತಿಗೆ ಇರಬೇಕು.

ಬಿಚ್ಚುವಾಗ

ಹೊಲದಿಂದ ದಣಿದು ಬಂದು, ಕತ್ತಲಾಗುವ ಹೊತ್ತಿಗೆ, ಎಲ್ಲಿ ನಿಂತಿತೋ ಅಲ್ಲೇ ಬಿಚ್ಚುವುದು ಸಹಜ. ನಾಳೆಯ ಹಾರೆಗೆ ಅಲ್ಲೇ ಕಾರಣ ಹುಟ್ಟುತ್ತದೆ. ಹತ್ತು ನಿಮಿಷ ತಾಳಿಕೊಂಡು ಹೀಗೆ ಮಾಡಿ.

1. ಹೊಲದಲ್ಲೇ ಮಣ್ಣು ತೆಗೆಯಿರಿ. ಎರೆ ಮಣ್ಣು ಒಣಗಿದ ಮೇಲೆ ಕಲ್ಲು. ಪಿನ್, ಗುಂಡು, ಟಾಪ್ ಲಿಂಕಿನ ಎಳೆಗಳ ಮೇಲಿನ ಹಸಿ ಮಣ್ಣನ್ನು ಕಟ್ಟಿಗೆಯ ಚಕ್ಕೆಯಿಂದ ತೆಗೆದರೆ ಸಾಕು.

2. ಗೆರೆಯ ಮೇಲೆ ಬಂದು ನೇರ ನಿಂತು, ಹ್ಯಾಂಡ್ ಬ್ರೇಕ್ ಹಾಕಿ, ಸಲಕರಣೆಯನ್ನು ಅದರ ತುಂಡುಗಳ ಮೇಲೆ ಇಳಿಸಿ. ರೋಟವೇಟರಿಗೆ ಅದರ ನಿಲ್ಲುವ ಕಾಲು ಇಳಿಸಿ ಪಿನ್ ಹಾಕಿ. ಕಾಲಿಲ್ಲದೆ ಬಿಟ್ಟರೆ ಬ್ಲೇಡುಗಳ ಮೇಲೆ ಮುಂದಕ್ಕೋ ಹಿಂದಕ್ಕೋ ವಾಲುತ್ತದೆ.

3. ಎಂಜಿನ್ ನಿಲ್ಲಿಸಿ. ಆಮೇಲಷ್ಟೇ ಹಿಂದೆ ಹೋಗಿ.

4. ಮೊದಲು ಪಿಟಿಒ ಶಾಫ್ಟು (ಎಂಜಿನ್ ಶಕ್ತಿಯನ್ನು ರೋಟವೇಟರಿನಂಥ ಸಲಕರಣೆಗೆ ಒಯ್ಯುವ ತಿರುಗುವ ದಂಡ), ನಂತರ ಟಾಪ್ ಲಿಂಕ್, ನಂತರ ಬಲಗಡೆಯ ಕೆಳ ಪಿನ್, ಕೊನೆಗೆ ಎಡಗಡೆಯದು. ಟಾಪ್ ಲಿಂಕ್ ಸಡಿಲವಾಗದೆ ಬಿಗಿಯಾಗಿ ಹಿಡಿದಿದ್ದರೆ ಸಲಕರಣೆಯ ಭಾರ ಅದರ ಮೇಲಿದೆ ಎಂದರ್ಥ. ಪಿನ್ನಿಗೆ ಸುತ್ತಿಗೆ ಹಾಕಬೇಡಿ. ಲಿಂಕಿನ ನಡುವಿನ ಹಿಡಿಕೆ ಹಿಡಿದು ಎರಡು ಸುತ್ತು ಅತ್ತಿತ್ತ ತಿರುಗಿಸಿ ನೋಡಿ, ಒಂದು ಹಂತದಲ್ಲಿ ಪಿನ್ನು ಬೆರಳಿಗೇ ಬರುತ್ತದೆ.

5. ಕೆಳ ಲಿಂಕುಗಳು ಅತ್ತಿತ್ತ ಹೋಗದಂತೆ ಹಿಡಿಯುವ ಪಕ್ಕದ ಸರಪಳಿಗಳನ್ನು ಈಗಲೇ ಸಡಿಲ ಮಾಡಿ. ಜೋಡಿಸುವಾಗ ಲಿಂಕು ಅತ್ತಿತ್ತ ಸರಿಯುವ ಅವಕಾಶ ಬೇಕು.

6. ಪಿನ್ನು ಮತ್ತು ಅದು ಜಾರದಂತೆ ತಡೆಯುವ ಉಂಗುರದ ಲಿಂಚ್ ಪಿನ್ನುಗಳನ್ನು ಅವು ಬಂದ ತೂತಿಗೇ ವಾಪಸು ಹಾಕಿ.

ಕೂರಿಗೆಯ ಗೊಬ್ಬರದ ಡಬ್ಬಿಯನ್ನು ಬಿಚ್ಚುವ ಮೊದಲೇ ಖಾಲಿ ಮಾಡಬೇಕು. ತುಂಬಿದ ಡಬ್ಬಿಯ ಭಾರಕ್ಕೆ ಕೂರಿಗೆ ಹಿಂದಕ್ಕೆ ವಾಲಿ ಪಿನ್ನಿನ ಎತ್ತರ ಬದಲಾಗುತ್ತದೆ. ಜತೆಗೆ ಉಳಿದ ಯೂರಿಯಾ, ಡಿಎಪಿ ಒಂದೇ ರಾತ್ರಿಯ ತಂಪಿಗೆ ನೀರೊಡೆದು ತಗಡು ತಿನ್ನುತ್ತದೆ.

ಜೋಡಿಸುವಾಗ

ಇಟ್ಟದ್ದು ಸರಿಯಿದ್ದರೆ ಇದು ಸಲೀಸು. ಐದಾರು ಮೀಟರ್ ದೂರದಿಂದಲೇ ನೇರ ಮಾಡಿಕೊಂಡು, ಅತಿ ಸಣ್ಣ ರಿವರ್ಸ್ ಗೇರಿನಲ್ಲಿ, ಎಂಜಿನ್ ನಿಧಾನ ಇಟ್ಟು ಬನ್ನಿ. ಕೊನೆಯ ಎರಡು ಮೀಟರಿನಲ್ಲಿ ಸ್ಟೀರಿಂಗ್ ತಿರುಗಿಸಬೇಕಾಗಿ ಬಂದರೆ ನಿಲ್ಲಿಸಿ, ಮುಂದೆ ಹೋಗಿ, ಮತ್ತೆ ಬನ್ನಿ. ಅಲ್ಲೇ ತಿದ್ದಲು ಹೋದರೆ ಓರೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಸಲಕರಣೆಯ ಮೇಲಿನ ಕಂಬಕ್ಕೆ ಮೂರಡಿಯ ತೆಳ್ಳನೆ ಪೈಪೊಂದನ್ನು ನೆಟ್ಟಗೆ ಕಟ್ಟಿ ತುದಿಗೆ ಕೆಂಪು ಬಟ್ಟೆ ಸುತ್ತಿದರೆ ಸೀಟಿನಿಂದಲೇ ನಡುಮಧ್ಯ ಕಾಣುತ್ತದೆ. ಬೆಳಗಿನ ಕತ್ತಲಲ್ಲಿ ಹೊರಡುವವರು ಹಿಂದಕ್ಕೆ ಒಂದು ಎಲ್‌ಇಡಿ ದೀಪ ಹಾಕಿಸಿ.

ಹೈಡ್ರಾಲಿಕ್ ಪೊಸಿಷನ್ ಕಂಟ್ರೋಲಿನಲ್ಲೇ ಇರಲಿ, ಅಂದರೆ ಸನ್ನೆ ಇಟ್ಟ ಎತ್ತರಕ್ಕೇ ಲಿಂಕುಗಳು ನಿಲ್ಲುವಂತೆ. ಡ್ರಾಫ್ಟ್ ಕಂಟ್ರೋಲಿನಲ್ಲಿದ್ದರೆ ಟಾಪ್ ಲಿಂಕಿನ ಮೇಲೆ ಬೀಳುವ ಒತ್ತಡಕ್ಕೆ ಲಿಂಕುಗಳು ತಾವೇ ಏರಿಳಿಯಬಹುದು, ಪಿನ್ ಹಿಡಿದ ಕೈಗೆ ಅದು ಅಪಾಯ.

ಸಹಾಯಕ್ಕೆ ಒಬ್ಬರಿದ್ದರೆ ಅವರು ಟ್ರ್ಯಾಕ್ಟರ್ ಮತ್ತು ಸಲಕರಣೆಯ ನಡುವೆ ನಿಲ್ಲಬಾರದು. ಹಿಂದಿನ ಗಾಲಿಯಿಂದ ಎರಡು ಮೀಟರ್ ಪಕ್ಕಕ್ಕೆ, ನಡೆಸುವವರಿಗೆ ಮುಖ ಕಾಣುವ ಹಾಗೆ ನಿಲ್ಲಬೇಕು. "ಬರ್ರಿ, ಬರ್ರಿ, ಇನ್ನೊಂಚೂರು" ಎಂಬ ಕೂಗು ಎಂಜಿನ್ ಸದ್ದಿನಲ್ಲಿ ಕೇಳುವುದಿಲ್ಲ, "ನಿಲ್ಲ್ರಿ" ಎಂಬುದು ಕೇಳುವಷ್ಟರಲ್ಲಿ ತಡವಾಗಿರುತ್ತದೆ. ಅಂಗೈ ಎತ್ತಿದರೆ ನಿಲ್ಲಬೇಕು, ಸಹಾಯಕರು ಕಣ್ಣಿಗೆ ಕಾಣದಿದ್ದರೂ ನಿಲ್ಲಬೇಕು ಎಂದು ಮೊದಲೇ ಮಾತಾಡಿಕೊಳ್ಳಿ. ಮಕ್ಕಳನ್ನು ಅಂಗಳದಿಂದ ಆಚೆ ಕಳಿಸಿ.

ಎಂಜಿನ್ ನಿಲ್ಲಿಸಿ, ಬ್ರೇಕ್ ಹಾಕಿ ಇಳಿದ ಮೇಲೆ ಎಡಗಡೆಯ ಕೆಳ ಪಿನ್ ಮೊದಲು. ಕಾರಣ ಇದೆ: ಬಹಳಷ್ಟು ಟ್ರ್ಯಾಕ್ಟರುಗಳಲ್ಲಿ ಎಡಗಡೆಯ ಲಿಫ್ಟ್ ರಾಡಿನ ಉದ್ದ ಬದಲಾಗುವುದಿಲ್ಲ, ಬಲಗಡೆಯದಕ್ಕೆ ತಿರುಗಿಸುವ ಹಿಡಿಕೆ ಇರುತ್ತದೆ. ಎಡ ಕೂಡಿದ ಮೇಲೆ ಬಲಗಡೆ ಒಂದು ಬೆರಳು ಮೇಲೆ-ಕೆಳಗೆ ಇದ್ದರೆ ಆ ಹಿಡಿಕೆ ತಿರುಗಿಸಿ ಹೊಂದಿಸಬಹುದು. ಬಲಗಡೆ ಮೊದಲು ಹಾಕಿದವರು ಎಡಕ್ಕೆ ಬಂದಾಗ ಹಾರೆ ಹುಡುಕುತ್ತಾರೆ. ಲಿಂಚ್ ಪಿನ್ ಹಾಕಿದ ಕೂಡಲೇ ಅದರ ಉಂಗುರ ಮಡಚಿ ಕೂತಿದೆಯೋ ನೋಡಿ.

ನಂತರ ಟಾಪ್ ಲಿಂಕ್. ಪಿನ್ನು ತೂತಿಗೆ ಹೊಂದಲು ಲಿಂಕನ್ನೇ ಉದ್ದ-ಗಿಡ್ಡ ಮಾಡಿ, ಸಲಕರಣೆಯನ್ನು ತಳ್ಳಬೇಡಿ. ಪ್ರತಿ ಸಲಕರಣೆಗೆ ಲಿಂಕಿನ ಉದ್ದ ಎಷ್ಟಿರಬೇಕೆಂದು ಕೊಳವೆಯಿಂದ ಹೊರಗೆ ಕಾಣುವ ಎಳೆಯ ಉದ್ದವನ್ನು ಅಳೆದು ಅದೇ ವಹಿಯಲ್ಲಿ ಬರೆದುಕೊಂಡರೆ ಹೊಲದಲ್ಲಿ ಮತ್ತೆ ಹೊಂದಿಸುವ ಕೆಲಸ ಉಳಿಯುತ್ತದೆ. ಹೆಚ್ಚು ಬಳಸುವ ಎರಡು ಸಲಕರಣೆಗಳಿಗೆ ಬೇರೆ ಬೇರೆ ಟಾಪ್ ಲಿಂಕನ್ನೇ ಇಟ್ಟುಬಿಡುವುದು ಇನ್ನೂ ಒಳ್ಳೆಯದು. ಎಡೆ ಹೊಡೆಯುವ ಕಾಲದಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಗೋವಿನಜೋಳದ ಸಾಲಿನಲ್ಲಿ ಎಡೆಕುಂಟೆಯ ಮೂತಿ ಒಂದಿಂಚು ಹೆಚ್ಚು ಬಗ್ಗಿದ್ದರೂ ಬೇರು ಕೀಳುತ್ತದೆ.

ಈ ಮೂರು ಬಿಂದುವಿನ ಜೋಡಣೆಗೆ ಹ್ಯಾರಿ ಫರ್ಗ್ಯುಸನ್ 1926ರಲ್ಲಿ ಪೇಟೆಂಟ್ ಪಡೆದದ್ದು ಸಲಕರಣೆ ಎಳೆಯುವುದಕ್ಕೆ ಮಾತ್ರವಲ್ಲ. ನೇಗಿಲು ಮಣ್ಣಿನಲ್ಲಿ ತಡೆದಾಗ ಟಾಪ್ ಲಿಂಕು ಮುಂದಕ್ಕೆ ಒತ್ತುತ್ತದೆ, ಆ ಒತ್ತು ಟ್ರ್ಯಾಕ್ಟರಿನ ಮೂತಿ ಮೇಲೇಳದಂತೆ ಹಿಡಿಯುತ್ತದೆ. ಎಳೆಯುವ ಕೆಲಸ ಕೆಳಗಿನ ಎರಡು ಲಿಂಕುಗಳದ್ದು. ಹೂತ ಗಾಡಿಗೆ ಟಾಪ್ ಲಿಂಕಿನ ಜಾಗದಿಂದ ಹಗ್ಗ ಕಟ್ಟಿ ಎಳೆದರೆ ಇದೆಲ್ಲ ತಲೆಕೆಳಗಾಗಿ ಟ್ರ್ಯಾಕ್ಟರೇ ಹಿಂದಕ್ಕೆ ಮಗುಚುತ್ತದೆ. ಹಾಗೆ ಎಂದೂ ಮಾಡಬೇಡಿ.

ಎಲ್ಲ ಕೂಡಿದ ಮೇಲೆ ಸರಪಳಿ ಬಿಗಿ ಮಾಡಿ. ರೋಟವೇಟರಿಗೂ ಕೂರಿಗೆಗೂ ಅತ್ತಿತ್ತ ಆಟ 20-25 ಮಿ.ಮೀ ಮೀರಬಾರದು; ನೇಗಿಲಿಗೆ ಒಂದೊಂದು ಕಡೆ ಎರಡಿಂಚು ಇರಲಿ. ಮತ್ತೆ ಸೀಟಿಗೆ ಹತ್ತಿ ಮೆಲ್ಲಗೆ ಪೂರ್ತಿ ಎತ್ತಿ, ಟೈರಿಗೆ, ಮಡ್‌ಗಾರ್ಡಿಗೆ ಏನಾದರೂ ತಾಗುತ್ತದೆಯೋ ನೋಡಿ.

ರೋಟವೇಟರಿನ ಶಾಫ್ಟು

ಬಹಳ ಜನ ಬೇಸರ ಪಡುವುದು ಇಲ್ಲಿ, ಗಾಯ ಆಗುವುದೂ ಇಲ್ಲೇ. ಪಿಟಿಒ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 9 ಸುತ್ತು. ಹೆಗಲ ಮೇಲಿನ ವಸ್ತ್ರದ ತುದಿ ಸಿಕ್ಕರೆ ಕೈ ಎಳೆದುಕೊಳ್ಳುವಷ್ಟು ಸಮಯ ಇರುವುದಿಲ್ಲ. ಧೋತರ, ಟವೆಲ್, ಸೀರೆಯ ಸೆರಗು ಹತ್ತಿರ ಬೇಡ. ಶಾಫ್ಟಿನ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಹೊಸದು ಹಾಕಿಸಿ, ಅದರ ಸರಪಳಿಯನ್ನು ಸಿಕ್ಕಿಸದೆ ಓಡಿಸಬೇಡಿ.

ಟ್ರ್ಯಾಕ್ಟರಿನ ಕಡೆಯ ಹಲ್ಲಿನ ಕೊಳವೆ ಕೂರದಿದ್ದರೆ ಕಾರಣ ಬಹುಮಟ್ಟಿಗೆ ಹಲ್ಲುಗಳು ಎದುರಾಗಿಲ್ಲ. ಶಾಫ್ಟು 35 ಮಿ.ಮೀ ದಪ್ಪ, ಆರು ಹಲ್ಲು. ಎಂಜಿನ್ ನಿಲ್ಲಿಸಿ, ಪಿಟಿಒ ಸನ್ನೆ ನ್ಯೂಟ್ರಲ್‌ನಲ್ಲಿಟ್ಟು, ಶಾಫ್ಟನ್ನು ಕೈಯಿಂದ ಸ್ವಲ್ಪ ತಿರುಗಿಸುತ್ತ ಒತ್ತಿ. ಕೊಳವೆಯ ಬೀಗದ ಗುಂಡಿ 'ಟಕ್' ಎಂದು ಹೊರಗೆ ಬಂದ ಮೇಲೆ ಒಮ್ಮೆ ಹಿಂದಕ್ಕೆ ಜಗ್ಗಿ ನೋಡಿ. ಸಣ್ಣ ಟ್ರ್ಯಾಕ್ಟರಿನಲ್ಲಿ ಕೈ ಹೋಗುವಷ್ಟೂ ಜಾಗ ಇರುವುದಿಲ್ಲ. ಅಂಥಲ್ಲಿ ಕೆಳ ಪಿನ್ನುಗಳನ್ನು ಹಾಕಿ, ಟಾಪ್ ಲಿಂಕ್ ಹಾಕುವ ಮೊದಲೇ ಶಾಫ್ಟು ಏರಿಸಿ. ಹಲ್ಲುಗಳಿಗೆ ತೆಳ್ಳಗೆ ಗ್ರೀಸ್ ಸವರಿರಬೇಕು; ಒಣಗಿದ ಮಣ್ಣು ಇದ್ದರೆ ಡೀಸೆಲ್ ಬಟ್ಟೆಯಿಂದ ಒರೆಸಿದ ಮೇಲಷ್ಟೇ ಗ್ರೀಸ್.

ಹೊಸ ರೋಟವೇಟರಿನ ಜತೆ ಬರುವ ಶಾಫ್ಟು ನಿಮ್ಮ ಟ್ರ್ಯಾಕ್ಟರಿಗೆ ಉದ್ದವಾಗಬಹುದು. ಉದ್ದವಾದ ಶಾಫ್ಟು ಎತ್ತುವಾಗ ತಳಕ್ಕೆ ಹೊಡೆದು ಗೇರ್‌ಬಾಕ್ಸಿನ ಬೇರಿಂಗು ಒಡೆಯುತ್ತದೆ. ಶಾಫ್ಟಿಲ್ಲದೆ ರೋಟವೇಟರ್ ಜೋಡಿಸಿ, ಮೆಲ್ಲಗೆ ಎತ್ತಿ ಇಳಿಸುತ್ತ ಎರಡು ಕಡೆಯ ಹಲ್ಲುಗಳ ನಡುವಿನ ಅಂತರ ಅತಿ ಕಡಿಮೆಯಾಗುವ ಜಾಗ ಹುಡುಕಿ. ಅಲ್ಲಿಯೇ ನಿಲ್ಲಿಸಿ, ಕೆಳಗೆ ತೊಲೆ ಕೊಟ್ಟು, ಎಂಜಿನ್ ಆರಿಸಿ. ಶಾಫ್ಟಿನ ಎರಡು ತುಂಡುಗಳನ್ನು ಎರಡೂ ತುದಿಗೆ ಸಿಕ್ಕಿಸಿ ಪಕ್ಕಪಕ್ಕ ಹಿಡಿದು, ಆ ಸ್ಥಿತಿಯಲ್ಲೂ 25-30 ಮಿ.ಮೀ ಖಾಲಿ ಉಳಿಯುವ ಹಾಗೆ ಗುರುತು ಮಾಡಿ. ಒಳ ಕೊಳವೆ, ಹೊರ ಕೊಳವೆ, ಎರಡರ ಕವಚ, ನಾಲ್ಕನ್ನೂ ಒಂದೇ ಅಳತೆಗೆ ಕತ್ತರಿಸಿ ಅಂಚು ಅರದಿಂದ ಉಜ್ಜಿ. ಅತಿ ಉದ್ದಕ್ಕೆ ಹಿಗ್ಗಿದಾಗಲೂ ಒಂದು ಕೊಳವೆ ಇನ್ನೊಂದರೊಳಗೆ ಅದರ ಉದ್ದದ ಮೂರನೇ ಒಂದು ಭಾಗವಾದರೂ ಇರಬೇಕು. ಅಷ್ಟು ಉಳಿಯದಿದ್ದರೆ ಆ ಶಾಫ್ಟು ನಿಮಗಲ್ಲ. ಮತ್ತೆ ಸೇರಿಸುವಾಗ ಎರಡು ತುದಿಯ ಕವಲುಗಳು ಒಂದೇ ಸಾಲಿನಲ್ಲಿರಬೇಕು. ತಪ್ಪಿದರೆ ರೋಟವೇಟರ್ ನಡುಗುತ್ತದೆ, ಕೀಲಿನ ಕ್ರಾಸ್ ಬೇಗ ಹೋಗುತ್ತದೆ. ಬದುವಿನಲ್ಲಿ ತಿರುಗಿಸಲು ಎತ್ತುವಾಗ ಪಿಟಿಒ ಬಿಡಿಸುವುದು ರೂಢಿಯಾಗಲಿ.

ಬಿಚ್ಚಿದ ಶಾಫ್ಟನ್ನು ನೆಲಕ್ಕೆ ಬಿಡದೆ ರೋಟವೇಟರಿನ ಮೇಲೆ ಒಂದು ಕೊಕ್ಕೆ ಬೆಸುಗೆ ಹಾಕಿಸಿ ತೂಗಿಬಿಡಿ.

ಸಲಕರಣೆಯನ್ನೇ ಸರಿಸುವುದು

ಗೆರೆ, ತೊಲೆ ಇದ್ದರೂ ಒಮ್ಮೊಮ್ಮೆ ಒಂದಿಂಚು ಉಳಿದುಬಿಡುತ್ತದೆ. ಟ್ರ್ಯಾಕ್ಟರನ್ನು ಒಂದಿಂಚು ಸರಿಸುವುದಕ್ಕಿಂತ ಸಲಕರಣೆಯನ್ನು ಸರಿಸುವುದು ಹಗುರ, ಕೆಳಗೆ ಉರುಳುವುದೇನಾದರೂ ಇದ್ದರೆ. ಕಾಂಕ್ರೀಟಿನ ಮೇಲೆ ಗಾಲಿಯ ಚೌಕಟ್ಟು ಚೆನ್ನಾಗಿ ನಡೆಯುತ್ತದೆ: 50×50×5 ಮಿ.ಮೀ ಆಂಗಲ್, ನಾಲ್ಕು ಮೂಲೆಗೆ 6 ಇಂಚಿನ ತಿರುಗುವ ಗಾಲಿ, ಎರಡಕ್ಕೆ ಬ್ರೇಕು. ಸಲಕರಣೆಯ ಪೂರ್ತಿ ಭಾರವನ್ನು ಎರಡೇ ಗಾಲಿ ಹೊರುವಂತಿರಬೇಕು, ಯಾಕೆಂದರೆ ನೆಲದ ಏರುಪೇರಿಗೆ ಎಷ್ಟೋ ಸಲ ಭಾರ ಎರಡರ ಮೇಲೇ ಬೀಳುತ್ತದೆ. 250 ಕೆಜಿಯ ರೋಟವೇಟರಿಗೆ ಒಂದೊಂದು ಗಾಲಿ 125 ಕೆಜಿ ತಡೆಯುವಂಥದ್ದು ಬೇಕು. ರೋಟವೇಟರಿನ ತೂಕ ಅದರ ತಗಡಿನ ಮೇಲೆಯೇ ಬರೆದಿರುತ್ತದೆ. ಗರಸಿನ ನೆಲದಲ್ಲಿ ಈ ಗಾಲಿ ಕೆಲಸಕ್ಕೆ ಬಾರದು. ಅಲ್ಲಿ ದಪ್ಪ ಹಲಗೆಯ ಕೆಳಗೆ ಒಂದೂವರೆ ಇಂಚಿನ ಜಿಐ ಪೈಪಿನ ಮೂರು ತುಂಡು ಹಾಕಿ ಉರುಳಿಸಿ, ಹೊಂದಿದ ಕೂಡಲೇ ಎರಡೂ ಕಡೆ ಬೆಣೆ ಕೊಡಿ.

ಎಳೆದರೆ ಹಿಂದಕ್ಕೆ ನಾಲ್ಕಾರು ಇಂಚು ಉದ್ದವಾಗುವ ಲಿಂಕಿನ ತುದಿಗಳು ಕೆಲವು ಟ್ರ್ಯಾಕ್ಟರುಗಳಲ್ಲಿ ಇರುತ್ತವೆ. ಇದ್ದರೆ ಅದೃಷ್ಟ. ಹೊರಗೆಳೆದು ಪಿನ್ ಸಿಕ್ಕಿಸಿ, ನಂತರ ಟ್ರ್ಯಾಕ್ಟರನ್ನು ಮೆಲ್ಲಗೆ ಹಿಂದಕ್ಕೆ ತಂದರೆ ಅವು ಒಳಸೇರಿ ಬೀಗ ಬೀಳುತ್ತದೆ. ಎರಡೂ ಕಡೆ ಬಿದ್ದಿದೆಯೋ ಕಣ್ಣಾರೆ ನೋಡದೆ ಎತ್ತಬೇಡಿ.

ಕ್ವಿಕ್ ಹಿಚ್ ಬೇಕೇ

ಟ್ರ್ಯಾಕ್ಟರಿನ ಮೂರೂ ಲಿಂಕಿಗೆ ಶಾಶ್ವತವಾಗಿ ಒಂದು ಚೌಕಟ್ಟು, ಅದರ ಕೊಕ್ಕೆಗಳು ಸಲಕರಣೆಯ ಮೂರೂ ಪಿನ್ನನ್ನು ಒಟ್ಟಿಗೆ ಎತ್ತಿಕೊಳ್ಳುವುದು: ಕಣ್ಣಿಗೆ ಬಹಳ ಚೆಂದ. ದಿನಕ್ಕೆ ಎರಡು-ಮೂರು ಸಲ ಬದಲಿಸುವವರಿಗೆ, ಬಾಡಿಗೆ ಹೊಡೆಯುವವರಿಗೆ ಇದು ಸಾರ್ಥಕ. ಉಳಿದವರಿಗೆ ಕಟ್ಟೆ ಮತ್ತು ಗೆರೆಯೇ ಸಾಕೆಂಬುದು ನಮ್ಮ ಅಭಿಪ್ರಾಯ. ಕಾರಣ, ಎಲ್ಲ ಸಲಕರಣೆಗಳ ಅಗಲ, ಎತ್ತರ ಒಂದೇ ಇಲ್ಲದಿದ್ದರೆ ಕೊಕ್ಕೆ ಕೂರುವುದೇ ಇಲ್ಲ. ಸಲಕರಣೆ ನಾಲ್ಕಾರು ಇಂಚು ಹಿಂದಕ್ಕೆ ಹೋಗುತ್ತದೆ, ಚೌಕಟ್ಟಿನದೇ ಭಾರ ಬೇರೆ. ಎತ್ತುವ ಶಕ್ತಿ ಕಡಿಮೆಯಾಗುತ್ತದೆ, ಪಿಟಿಒ ಶಾಫ್ಟು ಗಿಡ್ಡವಾಗುತ್ತದೆ, ಮುಂದಿನ ಗಾಲಿ ಹಗುರಾಗುತ್ತದೆ. ಮುಂದಿನ ಗಾಲಿಗಳ ಮೇಲೆ ಟ್ರ್ಯಾಕ್ಟರಿನ ತೂಕದ ಐದನೇ ಒಂದು ಭಾಗವಾದರೂ ಉಳಿಯಬೇಕು, ಇಲ್ಲವಾದರೆ ರಸ್ತೆಯಲ್ಲಿ ಸ್ಟೀರಿಂಗ್ ಮಾತು ಕೇಳುವುದಿಲ್ಲ. ಮೂತಿಗೆ ತೂಕದ ಪಟ್ಟಿ ಹಾಕಿಸಿ. ಊರಲ್ಲೇ ಮಾಡಿಸುವುದಿದ್ದರೆ ಕೊಕ್ಕೆಯ ಬೀಗಕ್ಕೆ ಬರೀ ಸ್ಪ್ರಿಂಗ್ ನಂಬಬೇಡಿ, ಸ್ಪ್ರಿಂಗಿನ ಮೇಲೆ ಒಂದು ಲಿಂಚ್ ಪಿನ್ನೂ ಇರಲಿ.

ಪಿನ್ನಿನ ವಿಷಯ

ಪಿನ್ ಕಳೆದಾಗ ಸಿಕ್ಕ ಬೋಲ್ಟೋ ಸಲಾಕೆಯ ತುಂಡೋ ಸಿಕ್ಕಿಸಿ ಹೊರಡುವುದನ್ನು ದಯವಿಟ್ಟು ಬಿಡಿ. ಬೋಲ್ಟಿನ ಎಳೆ ಗುಂಡಿನ ಒಳಮೈಯನ್ನು ಅರದಂತೆ ಉಜ್ಜುತ್ತದೆ. ಸಲಾಕೆ ಬಾಗುತ್ತದೆ, ಬಾಗಿದ್ದು ಹೊರಗೆ ಬರುವುದಿಲ್ಲ, ಬಂದರೆ ರಸ್ತೆಯ ನಡುವೆ ತಾನೇ ಬರುತ್ತದೆ. ಸೀಟಿನ ಕೆಳಗಿನ ಡಬ್ಬಿಯಲ್ಲಿ 22ರ ಎರಡು ಪಿನ್, 19ರ ಒಂದು, ಲಿಂಚ್ ಪಿನ್ ನಾಲ್ಕು ಸದಾ ಇರಲಿ. ಲಿಂಚ್ ಪಿನ್ನನ್ನು ಸಣ್ಣ ಸರಪಳಿಯಿಂದ ಸಲಕರಣೆಗೇ ಕಟ್ಟಿದರೆ ಎರೆ ಹೊಲದ ಬಿರುಕಿನಲ್ಲಿ ಹುಡುಕುವ ಕೆಲಸ ತಪ್ಪುತ್ತದೆ. ಪಿನ್ನಿನ ಮೇಲೆ ಉಗುರಿಗೆ ಸಿಕ್ಕುವಂಥ ಗೀರು ಬಿದ್ದಿದ್ದರೆ, ತೂತು ಮೊಟ್ಟೆಯ ಆಕಾರಕ್ಕೆ ಬಂದಿದ್ದರೆ ಬದಲಿಸುವ ಹೊತ್ತು ಬಂದಿದೆ.

ಗುಂಡುಗಳಿಗೆ ಗ್ರೀಸ್ ಬಳಿಯಬೇಡಿ. ಗ್ರೀಸಿಗೆ ಕರಿ ಮಣ್ಣು ಮೆತ್ತಿ ಒಣಗಿದರೆ ಗುಂಡು ತಿರುಗುವುದೇ ನಿಲ್ಲುತ್ತದೆ. ಎಣ್ಣೆಯ ಬಟ್ಟೆಯಿಂದ ಒರೆಸಿದರೆ ಸಾಕು. ಟಾಪ್ ಲಿಂಕಿನ ಎಳೆ, ಸರಪಳಿಯ ತಿರುಪು, ಲಿಫ್ಟ್ ರಾಡಿನ ಎಳೆಗೆ ಮಾತ್ರ ಗ್ರೀಸ್ ಬೇಕೇ ಬೇಕು. ಅಲ್ಲಿ ಮಣ್ಣು ಹೋಗದಂತೆ ಸೈಕಲ್ಲಿನ ಹಳೆಯ ಟ್ಯೂಬನ್ನು ಅರ್ಧ ಅಡಿ ಕತ್ತರಿಸಿ, ಲಿಂಕನ್ನು ಬಿಚ್ಚಿದಾಗ ಎಳೆಯ ಮೇಲೆ ಏರಿಸಿ ಎರಡೂ ತುದಿಗೆ ತಂತಿ ಸುತ್ತಿ. ರೋಹಿಣಿ ಮಳೆಗೆ ಮುಂಚೆ ಒಮ್ಮೆ, ಹಿಂಗಾರಿ ಬಿತ್ತನೆಗೆ ಮುಂಚೆ ಒಮ್ಮೆ ಆ ಟ್ಯೂಬು ಸರಿಸಿ, ತಂತಿ ಬ್ರಷ್ ಮತ್ತು ಡೀಸೆಲಿನಿಂದ ಎಳೆ ತೊಳೆದು, ಹೊಸ ಗ್ರೀಸ್ ಹಾಕಿ ಮತ್ತೆ ಮುಚ್ಚಿ.